ಮಾಡಿಕೊಟ್ಟ ಜಾಬು

ಮೂರು ವರ್ಷ, ಐದು ಪರೀಕ್ಷೆ. ಅಷ್ಟು ದಿನದಲ್ಲಿ ಅವಳು ಲೇತ್ ಮಷೀನಿನ ಮೇಲೆ ಒಂದು ಮೊಳೆಯಷ್ಟು ಕಬ್ಬಿಣವನ್ನೂ ಕಡೆದಿರಲಿಲ್ಲ. ಐದರಲ್ಲೂ ಪಾಸಾಗಿದ್ದಳು. ಅದು ಹೇಗೆ ಎಂದು ಕೇಳುವವರು ಆ ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿಗೆ ಒಂದು ದಿನ ಬಂದು ನಿಂತಿದ್ದರೆ ಸಾಕಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಿರಲಿಲ್ಲ. ಆದರೆ ಕೇಳುವವರು ಯಾರೂ ಬರಲಿಲ್ಲ.

ಎಂಟು ಲೇತ್, ನಲವತ್ತು ಹುಡುಗರು. ಒಂದಕ್ಕೆ ಐದು ಜನ. ಒಬ್ಬ ಮಷೀನು ನಡೆಸಬೇಕು. ಒಬ್ಬ ಡ್ರಾಯಿಂಗ್ ನೋಡಿ ಹೇಳಬೇಕು. ಒಬ್ಬ ಅಳೆಯಬೇಕು, ಒಬ್ಬ ಬರೆದುಕೊಳ್ಳಬೇಕು, ಒಬ್ಬ ಕಾದ ಕಬ್ಬಿಣಕ್ಕೆ ಸೋಪುನೀರು ಬಿಡಬೇಕು. ವಾರಕ್ಕೊಮ್ಮೆ ಸರದಿ ಬದಲಾಗಬೇಕು. ಹೀಗೆಂದು ಗೋಡೆಯ ಮೇಲೆ ಒಂದು ಬೋರ್ಡು ತೂಗುತ್ತಿತ್ತು. ಅವಳು ಹಾಜರಿಯಲ್ಲಿ ನಲವತ್ತೊಂದನೆಯವಳು. ಮೂರನೇ ಲೇತಿಗೆ ಸೇರಿಕೊ, ಹೊಂದಿಕೊಂಡು ಹೋಗು ಎಂದು ಮೊದಲ ದಿನ ಮೇಷ್ಟ್ರು ಹೇಳಿದರು. ಅಲ್ಲಿ ಐದು ಕೆಲಸಕ್ಕೆ ಐದು ಜನ ಇದ್ದರು. ಅವಳ ಕೈಗೆ ಯಾರೋ ಬ್ರಷ್ಷು ಕೊಟ್ಟರು. ಬೋರ್ಡಿನಲ್ಲಿ ಇಲ್ಲದ ಆರನೇ ಕೆಲಸ ಅದು. ಅದಕ್ಕೆ ಸರದಿಯೂ ಇರಲಿಲ್ಲ.

ಕಡೆಯುವ ಟೂಲಿನ ತುದಿಯಿಂದ ಕಬ್ಬಿಣ ಸುರುಳಿ ಸುರುಳಿಯಾಗಿ ಸುಲಿದು ಬೀಳುತ್ತದೆ. ಬಿದ್ದ ಹೊಸದರಲ್ಲಿ ಕೆಂಡದಷ್ಟು ಬಿಸಿ, ಆರಿದ ಮೇಲೆ ಬ್ಲೇಡಿನಷ್ಟು ಹರಿತ. ಅವಳು ಅದನ್ನು ಗುಡಿಸಿ, ಬಗ್ಗಿ, ಬಕೆಟ್ಟಿಗೆ ತುಂಬಿ, ಹಿಂದಿನ ಶೆಡ್ಡಿಗೆ ಹೊತ್ತು ಸುರಿಯುತ್ತಿದ್ದಳು. ದಿನಕ್ಕೆ ಹತ್ತು ಹನ್ನೆರಡು ಬಕೆಟ್ಟು. ಬೆರಳ ಸಂದಿಯಲ್ಲಿ ಸೀಳಿದ ಗಾಯಕ್ಕೆ ಸೋಪುನೀರು ತಾಗಿ ಕೀವಾಗುತ್ತಿತ್ತು. ಅವಳ ಅಮ್ಮ ಊರೆಲ್ಲ ತಿರುಗಿ ಹಳೇ ಕಬ್ಬಿಣ, ತಗಡು, ಬಾಟಲಿ ಆಯ್ದು ಮಾರುವವಳು. ಅದು ತಿಳಿದ ದಿನದಿಂದ ಹುಡುಗರು ಇವಳನ್ನು ಗುಜರಿ ಎಂದು ಕರೆದರು. ಗುಜರೀ, ನಿಮ್ಮ ಮನೆ ಸಾಮಾನು ಬಿದ್ದಿದೆ, ಎತ್ತಿಕೊ ಎನ್ನುವುದು ಅವರ ದಿನದ ತಮಾಷೆ. ಮೂರು ವರ್ಷ ಅದಕ್ಕೇ ನಕ್ಕರು. ಹೊಸದೊಂದು ತಮಾಷೆ ಹುಡುಕುವಷ್ಟು ಬುದ್ಧಿಯೂ ಅವರಿಗಿರಲಿಲ್ಲ.

ಮಷೀನು ಕೊಡಿ ಎಂದು ಅವಳು ಕೇಳದೆ ಇರಲಿಲ್ಲ. ಮೊದಲ ವರ್ಷವೇ ಕೇಳಿದಳು. ಸರಳು ಹಿಡಿದು ತಿರುಗುವ ಚಕ್ಕಿಗೆ ಜಡೆ ಸಿಕ್ಕಿದರೆ ತಲೆಬುರುಡೆಯೇ ಕಿತ್ತು ಬರುತ್ತದೆ ತಾಯಿ, ನಿಮ್ಮಮ್ಮನಿಗೆ ನಾನೇನು ಉತ್ತರ ಹೇಳಲಿ ಎಂದರು ಮೇಷ್ಟ್ರು. ಮರುದಿನ ಅವಳು ಜಡೆಯನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡು ಬಂದು ನಿಂತಳು. ಮೇಷ್ಟ್ರು ಅವಳ ತಲೆ ನೋಡಿ, ನಿನ್ನ ತೋಳಿನಲ್ಲಿ ಶಕ್ತಿ ಸಾಲದು ಎಂದರು. ಆಗ ಅವಳ ಎರಡೂ ಕೈಯಲ್ಲಿ ತುಂಬಿದ ಬಕೆಟ್ಟುಗಳಿದ್ದವು. ಎರಡನೇ ವರ್ಷ ಕೇಳಿದಾಗ, ಮಷೀನು ಕೆಟ್ಟರೆ ಜವಾಬ್ದಾರಿ ಯಾರದು ಎಂದರು. ಕೊಡುವ ಮನಸ್ಸಿಲ್ಲದವನಿಗೆ ನೆಪಕ್ಕೇನು ಬರವೇ?

ಮೇಷ್ಟ್ರು ಕೆಟ್ಟವರಲ್ಲ. ಅದೇ ದೊಡ್ಡ ತೊಂದರೆ. ಬೈಯುವವರಾಗಿದ್ದರೆ ತಿರುಗಿ ಬೈಯಬಹುದಿತ್ತು. ಅವರದು ಕರುಣೆ. ಪ್ರತಿ ಪರೀಕ್ಷೆಯ ಹಿಂದಿನ ದಿನ ತಾವೇ ಮಷೀನಿನ ಮುಂದೆ ನಿಂತು, ಪರೀಕ್ಷೆಗೆ ಕೊಡಬೇಕಾದ ತುಂಡನ್ನು ಅವಳಿಗಾಗಿ ಕಡೆದಿಡುತ್ತಿದ್ದರು. ವರ್ಕ್‌ಶಾಪಿನಲ್ಲಿ ಅದನ್ನು ಜಾಬು ಎನ್ನುತ್ತಾರೆ. ಅದರ ತುದಿಗೆ ಉಕ್ಕಿನ ಅಚ್ಚಿಟ್ಟು ಸುತ್ತಿಗೆಯಿಂದ ಹೊಡೆದು ನಲವತ್ತೊಂದು ಎಂದು ನಂಬರು ಮೂಡಿಸಿ, ಎಣ್ಣೆಬಟ್ಟೆಯಲ್ಲಿ ಸುತ್ತಿ ಅವಳ ಚೀಲಕ್ಕೆ ತುರುಕುತ್ತಿದ್ದರು. ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರನ್ನು ಆಫೀಸು ಕೋಣೆಯಲ್ಲಿ ಚಹಾಕ್ಕೆ ಕೂರಿಸುತ್ತಿದ್ದರು. ಅವರು ಚಹಾ ಮುಗಿಸಿ ಬರುವಷ್ಟರಲ್ಲಿ ಟೇಬಲ್ಲಿನ ಮೇಲೆ ನಲವತ್ತೊಂದು ಜಾಬುಗಳಿರುತ್ತಿದ್ದವು. ಇವಳಿಗಿಂತ ಮುಂಚೆ ಬಂದ ಹುಡುಗಿಯರಿಗೂ ಹೀಗೇ ಮಾಡಿದ್ದರು. ಯಾರ ಕೈಯೂ ಮಷೀನಿಗೆ ಸಿಕ್ಕಲಿಲ್ಲ, ಯಾರೂ ಫೇಲಾಗಲಿಲ್ಲ ಎಂದು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಗುಜರಿ ತೆಗೆದುಕೊಂಡಳು. ಐದು ಸಲವೂ ತೆಗೆದುಕೊಂಡಳು. ಮನೆಯಲ್ಲಿ ಅಮ್ಮ ಪಾಸಾದೆಯಲ್ಲ, ಸಾಕು ಎನ್ನುತ್ತಿದ್ದಳು. ಇವಳೂ ಸಾಕು ಎಂದುಕೊಂಡಿದ್ದಳು. ಆರನೇ ಪರೀಕ್ಷೆಗೆ ಎರಡು ತಿಂಗಳ ಮುಂಚೆ ಪಂಪಿನ ಕಾರ್ಖಾನೆಗೆ ಹೋಗಿ ಅಕ್ಕನನ್ನು ನೋಡುವ ತನಕ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಇವಳದೇ ಓಣಿಯವಳು, ಇದೇ ಪಾಲಿಟೆಕ್ನಿಕ್ಕಿನಲ್ಲಿ ಎರಡು ವರ್ಷ ಮುಂದೆ ಓದಿದವಳು. ಫಸ್ಟ್ ಕ್ಲಾಸು. ಓಣಿಗೆಲ್ಲ ಅವಳದೇ ಸುದ್ದಿಯಾಗಿತ್ತು. ಪಾಸಾದರೆ ಪರೀಕ್ಷೆಯ ಮರುತಿಂಗಳು ಅದೇ ಕಾರ್ಖಾನೆಯಲ್ಲಿ ಗುಜರಿಗೂ ಜಾಗ ಗೊತ್ತಾಗಿತ್ತು. ಕೆಲಸ ಹೇಗಿರುತ್ತದೆ ಎಂದು ವಿಚಾರಿಸಲು ಹೋದಳು. ಗೇಟಿನ ಹತ್ತಿರ ಬೂದುಬಣ್ಣದ ಅಂಗಿ ತೊಟ್ಟು ಅಕ್ಕ ಕಸ ಗುಡಿಸುತ್ತಿದ್ದಳು. ಅದನ್ನು ಅವಳು ಓಣಿಯಲ್ಲಿ ಯಾರಿಗೂ ಹೇಳಿರಲಿಲ್ಲ.

ಕೆಲಸಕ್ಕೆ ಸೇರಿದ ಮೊದಲ ದಿನ ಫೋರ್‌ಮನ್ ಅವಳ ಕೈಗೆ ಒಂದು ಸರಳು ಕೊಟ್ಟು, ಇದರ ತುದಿ ಸಪಾಟು ಮಾಡಿಕೊಡು ಎಂದನಂತೆ. ಒಂದನೇ ಕ್ಲಾಸಿನ ಮಗುವಿಗೆ ಅಕ್ಷರ ಬರೆ ಎಂದ ಹಾಗೆ. ಅಕ್ಕ ಹಿಡಿಕೆಯ ಮೇಲೆ ಕೈಯಿಟ್ಟಳು. ಯಾವ ಕಡೆ ತಿರುಗಿಸಬೇಕೆಂದು ಗೊತ್ತಾಗಲಿಲ್ಲ. ಇಡೀ ಕಾರ್ಖಾನೆ ನೋಡುತ್ತಾ ನಿಂತಿತು. ಮೂರನೇ ದಿನ ಅವಳಿಗೆ ಪೊರಕೆ ಕೊಟ್ಟರು. ಆ ಕಾಲೇಜಿನ ಹುಡುಗಿಯರೇ ಹೀಗೆ, ಕಾಗದದ ಮೇಲೆ ಮಾತ್ರ ಎಂಬ ಮಾತು ಅಲ್ಲಿ ಬೇರೂರಿತು.

"ಮೇಷ್ಟ್ರು ನನಗೆ ಮಾರ್ಕ್ಸ್ ಕೊಟ್ರು ಕಣೇ. ಕೆಲಸ ಕೊಡ್ಲಿಲ್ಲ," ಎಂದಳು ಅಕ್ಕ. "ನಾನು ಬಾಯಿಬಿಟ್ಟು ಕೇಳ್ಲಿಲ್ಲ. ನೀನಾದ್ರೂ ಕೇಳು."

ಆರನೇ ಪರೀಕ್ಷೆಯ ಬೆಳಿಗ್ಗೆ ಗುಜರಿ ಕೇಳಲೆಂದೇ ಬಂದಳು. ಎಣ್ಣೆಬಟ್ಟೆಯ ಗಂಟನ್ನು ಮೇಷ್ಟ್ರಿಗೆ ವಾಪಸ್ಸು ಕೊಟ್ಟು, ನನಗೊಂದು ಸರಳು ಕೊಡಿ, ನಾನೇ ಮಾಡುತ್ತೇನೆ ಎನ್ನಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದಳು. ವರ್ಕ್‌ಶಾಪಿನ ಬಾಗಿಲಲ್ಲಿ ಪರೀಕ್ಷಕರು, ಪ್ರಿನ್ಸಿಪಾಲರು, ನಲವತ್ತು ಹುಡುಗರು. ಗಂಟನ್ನು ಚೀಲದಿಂದ ತೆಗೆಯದೆಯೇ ಅವಳು ಒಳಗೆ ಹೋದಳು. ಪರೀಕ್ಷಕರು ಎಂದಿನಂತೆ ಚಹಾಕ್ಕೆ ಹೋದ ಕೂಡಲೇ ಮೇಷ್ಟ್ರು ಅವಳ ಚೀಲಕ್ಕೆ ತಾವೇ ಕೈಹಾಕಿ ಜಾಬನ್ನು ತೆಗೆದು ಟೇಬಲ್ಲಿನ ಮೇಲಿಟ್ಟರು. ಅವಳು ನೋಡುತ್ತಾ ನಿಂತಳು. ಆ ನಾಚಿಕೆಯನ್ನು ಅವಳು ಆಮೇಲೂ ಯಾರ ಮೇಲೂ ಹೊರಿಸಲಿಲ್ಲ.

ಅಷ್ಟರಲ್ಲೇ ಮುಗಿದಿದ್ದರೆ ಈ ಕತೆಯೂ ಇರುತ್ತಿರಲಿಲ್ಲ. ಆದರೆ ಈ ಸಲ ಮೇಷ್ಟ್ರು ಒಂದು ತಪ್ಪು ಮಾಡಿದ್ದರು. ಹುಡುಗಿಯ ಕೊನೆಯ ಪರೀಕ್ಷೆ ಎಂದು ಅವರ ಮನಸ್ಸು ತುಂಬಿ ಬಂದು, ಮಗಳ ಮದುವೆಗೆ ಒಡವೆ ಮಾಡಿಸುವವರ ಹಾಗೆ ಆ ಜಾಬನ್ನು ಮಾಡಿದ್ದರು. ಮುಖ ನೋಡಿಕೊಳ್ಳುವಂತೆ ಹೊಳೆಯುತ್ತಿತ್ತು. ಪರೀಕ್ಷಕರು ಮೈಕ್ರೋಮೀಟರಿನಲ್ಲಿ ಅಳೆದರು. ಇನ್ನೊಮ್ಮೆ ಅಳೆದರು. ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹತ್ತು ವರ್ಷದಲ್ಲಿ ವಿದ್ಯಾರ್ಥಿಯ ಕೈಯಲ್ಲಿ ಇಂಥ ಕೆಲಸ ನೋಡಿಲ್ಲ ಎಂದು ಐವತ್ತಕ್ಕೆ ನಲವತ್ತೊಂಬತ್ತು ಹಾಕಿದರು. ನಲವತ್ತೊಂದು ಯಾರು ಎಂದು ಕೇಳಿದರು.

ಪ್ರಿನ್ಸಿಪಾಲರಿಗೆ ಹುಡುಕುವ ಬಳ್ಳಿ ಕಾಲಿಗೆ ತೊಡರಿತು. ಅದೇ ಮಧ್ಯಾಹ್ನ ಒಂದು ಸಮಿತಿ ಬರುವುದಿತ್ತು. ವಿಜ್ಞಾನ, ತಂತ್ರಜ್ಞಾನದ ಓದು ಎಲ್ಲರಿಗೂ ಸಮನಾಗಿ ಸಿಗುತ್ತಿದೆಯೇ ಎಂದು ನೋಡಿ, ಸಿಗುತ್ತಿರುವ ಕಾಲೇಜಿಗೆ ಪ್ರಶಸ್ತಿ ಕೊಡುವ ಸಮಿತಿ. ಗೇಟಿಗೆ ಬ್ಯಾನರು ಕಟ್ಟಿಸಿಯಾಗಿತ್ತು. ತೋರಿಸಲು ಒಂದು ಮುಖ ಮಾತ್ರ ಬೇಕಿತ್ತು. ಮಧ್ಯಾಹ್ನ ಈ ಹುಡುಗಿ ಸಮಿತಿಯ ಮುಂದೆ ಲೇತ್ ನಡೆಸಿ ತೋರಿಸಲಿ, ಫೋಟೋ ತೆಗೆಸೋಣ, ವರ್ಕ್‌ಶಾಪಿನ ಹೊಸ ಕೋಟು ಯಾವುದಾದರೂ ಇದ್ದರೆ ಕೊಡಿ ಎಂದರು. ಮೇಷ್ಟ್ರ ಮುಖದಲ್ಲಿ ರಕ್ತವೇ ಇರಲಿಲ್ಲ.

ಹುಡುಗರನ್ನೆಲ್ಲ ಹೊರಗೆ ಕಳಿಸಿ ಮೇಷ್ಟ್ರು ಅವಳನ್ನು ಮೂರನೇ ಲೇತಿನ ಮುಂದೆ ನಿಲ್ಲಿಸಿಕೊಂಡರು. ಎಲ್ಲವನ್ನೂ ತಾವೇ ಹೊಂದಿಸಿ, ಮಷೀನು ತಾನಾಗಿ ಮುಂದೆ ಸರಿಯುವಂತೆ ಮಾಡಿಡುವುದಾಗಿ ಹೇಳಿದರು. ಅವಳು ಟೂಲು ಸರಿಸುವ ಕೈಚಕ್ರದ ಮೇಲೆ ಕೈಯಿಟ್ಟು ನಿಂತರೆ ಸಾಕು. ತಿರುಗಿಸಬಾರದು. ಫೋಟೋ ಆದ ಕೂಡಲೇ ತಾವೇ ಬಂದು ನಿಲ್ಲಿಸುತ್ತಾರೆ.

"ಎರಡು ಗಂಟೆ ಟೈಮಿದೆ ಮೇಷ್ಟ್ರೇ. ಕಲಿಸಿ," ಎಂದಳು ಗುಜರಿ.

"ಎರಡು ಗಂಟೇಲಿ ಕಲಿಯೋ ವಿದ್ಯೆನಾ ಇದು?"

"ಮೂರು ವರ್ಷ ಇತ್ತಲ್ಲ."

ಮೇಷ್ಟ್ರು ಕೈ ಒರೆಸಿದ ಬಟ್ಟೆಯಿಂದಲೇ ಮತ್ತೆ ಮತ್ತೆ ಕೈ ಒರೆಸಿಕೊಂಡರು. ಆಮೇಲೆ ಅವರ ದನಿ ಇಳಿಯಿತು. ನಿವೃತ್ತಿಗೆ ಇನ್ನೆರಡು ವರ್ಷವಿದೆ, ಈಗ ಹೊರಗೆ ಬಿದ್ದರೆ ಪೆನ್ಷನ್ ಕೂಡ ಹೋಗುತ್ತದೆ, ನಿನ್ನ ಒಳ್ಳೆಯದಕ್ಕೆ ಮಾಡಿದ್ದಕ್ಕೆ ನನಗೆ ಇದಾ ಎಂದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅವಳಿಗೆ ಅಯ್ಯೋ ಎನಿಸಿತು. ಸಿಟ್ಟೂ ಬಂತು. ಕೋಟು ಹಾಕಿಕೊಂಡಳು.

ಮೂರು ಗಂಟೆಗೆ ಸಮಿತಿ ಬಂತು. ಮೂವರು. ಮುಂದೆ ನಡೆಯುತ್ತಿದ್ದವರು ನರೆತ ಕೂದಲಿನ, ಮೆಲುದನಿಯ ಹೆಂಗಸು, ಸಮಿತಿಯ ಅಧ್ಯಕ್ಷರು. ಹಿಂದೆ ಬೆಳಗಿನ ಪರೀಕ್ಷಕರು, ಫೋಟೋದವನು. ಹುಡುಗರನ್ನು ಗೋಡೆಗೆ ಸಾಲಾಗಿ ನಿಲ್ಲಿಸಿದ್ದರು. ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಂಡು, ಈಕೆಯ ತಾಯಿ ಬೀದಿಬೀದಿಯಲ್ಲಿ ಗುಜರಿ ಆಯುತ್ತಾರೆ, ಅಂಥ ಮನೆಯ ಮಗಳು ಇವತ್ತು ಇಡೀ ತರಗತಿಗೇ ಮೊದಲು ಬಂದಿದ್ದಾಳೆ, ಇದೇ ನಮ್ಮ ಸಂಸ್ಥೆಯ ಸಮಾನತೆ ಎಂದು ಭಾಷಣ ಮಾಡಿದರು. ಸಾಲಿನಲ್ಲಿ ನಿಂತಿದ್ದ ಉದ್ದನೆಯ ಹುಡುಗ ಕಿಸಕ್ಕೆಂದ. ಮೂರನೇ ಲೇತಿನವನೇ ಅವನು. ಅಧ್ಯಕ್ಷರು ಗುಜರಿಯ ಬೆನ್ನು ತಟ್ಟಿದರು. ಅಮ್ಮ ಬೆಳಗಿನಿಂದ ಸಂಜೆಯ ತನಕ ಬೆನ್ನ ಮೇಲೆ ಹೊರುವ ಭಾರವನ್ನು ಈ ಪ್ರಿನ್ಸಿಪಾಲ ತನ್ನ ಕೊರಳಿಗೆ ಹಾರ ಮಾಡಿಕೊಳ್ಳುತ್ತಿದ್ದಾನೆ ಎಂದು ಅವಳ ಮೈಯೆಲ್ಲ ಉರಿಯಿತು.

ಮೇಷ್ಟ್ರು ಮಷೀನು ಚಾಲೂ ಮಾಡಿ ಹಿಂದೆ ಸರಿದರು. ಅವಳು ಚಕ್ರದ ಮೇಲೆ ಕೈಯಿಟ್ಟಳು. ಚಕ್ರ ತನ್ನಷ್ಟಕ್ಕೆ ತಾನೇ ತಿರುಗುತ್ತಿತ್ತು. ಅವಳ ಕೈ ಅದರ ಮೇಲೆ ಸುಮ್ಮನೆ ಕೂತು ಹೋಗುತ್ತಿತ್ತು. ಟೂಲಿನ ತುದಿಯಿಂದ ಸುರುಳಿ ಬೀಳುತ್ತಿತ್ತು. ಅದರಲ್ಲಿ ಅವಳದು ಏನೂ ಇರಲಿಲ್ಲ. ಸ್ವಲ್ಪ ನಗಿ ಎಂದ ಫೋಟೋದವನು.

ಅವಳು ಕೆಂಪು ಗುಂಡಿ ಒತ್ತಿದಳು.

ಮಷೀನು ನರಳಿ ನಿಂತಿತು. ಅಷ್ಟು ದೊಡ್ಡ ಶೆಡ್ಡಿನಲ್ಲಿ ಸೋಪುನೀರು ತೊಟ್ಟಿಕ್ಕುವ ಸದ್ದು ಮಾತ್ರ ಉಳಿಯಿತು.

"ಆ ಜಾಬು ನಾನು ಮಾಡಿದ್ದಲ್ಲ," ಎಂದಳು. "ಮೇಷ್ಟ್ರು ಮಾಡಿದ್ದು. ಹಿಂದಿನ ಐದೂ ಅವರೇ ಮಾಡಿದ್ದು. ಮೂರು ವರ್ಷ ನಾನು ಇಲ್ಲಿ ಕಸ ಗುಡಿಸಿದೀನಿ. ಈ ಮಷೀನನ್ನ ನಾನು ಮುಟ್ಟಿದ್ದು ಇದೇ ಮೊದಲು. ಅದೂ ಫೋಟೋಗೆ."

ಪ್ರಿನ್ಸಿಪಾಲರು ಬೆಳಿಗ್ಗೆಯಿಂದ ಊಟ ಮಾಡಿಲ್ಲ, ಗಾಬರಿಯಾಗಿದ್ದಾಳೆ ಎನ್ನುತ್ತಾ ಅವಳ ಮೊಣಕೈ ಹಿಡಿದು ಎಳೆದರು. ಅವಳು ಕೊಸರಿಕೊಂಡಳು. ಅಧ್ಯಕ್ಷರು ಮೇಷ್ಟ್ರ ಕಡೆ ತಿರುಗಿ ನಿಜವೇ ಎಂದು ಕೇಳಿದರು. ಮೇಷ್ಟ್ರು ನೆಲ ನೋಡಿದರು. ಇದನ್ನು ಆಫೀಸಿನಲ್ಲಿ ಕೂತು ಮಾತಾಡೋಣ ಎಂದು ಅಧ್ಯಕ್ಷರು ಹೊರಡಲು ಅನುವಾದರು.

"ಹೋಗಬೇಡಿ ಮೇಡಂ. ನನ್ನದೊಂದು ಜಾಬು ಮಾಡ್ತೀನಿ. ನೋಡ್ಕೊಂಡು ಹೋಗಿ."

ಪೆಟ್ಟಿಗೆಯಿಂದ ಒಂದು ಸರಳು ತೆಗೆದಳು. ಚಕ್ಕಿನ ಹಲ್ಲುಗಳ ನಡುವೆ ಕೂರಿಸಿ, ಕೀಲಿಯ ಮೇಲೆ ಮೈಭಾರವೆಲ್ಲ ಹಾಕಿ ಬಿಗಿದಳು. ಟೂಲು ಕಟ್ಟಿದಳು. ನೋಡಿ ನೋಡಿ ಅಷ್ಟು ಗೊತ್ತಿತ್ತು. ಮಷೀನು ಚಾಲೂ ಮಾಡಿ ಹಿಡಿಕೆ ತಿರುಗಿಸಿದಳು. ತಿರುಗಿಸಿದ್ದು ಉಲ್ಟಾ. ಟೂಲು ಹಿಂದೆ ಓಡಿತು. ಗೋಡೆಯ ಸಾಲು ಗೊಳ್ಳೆಂದಿತು. ದಡದ ಮೇಲೆ ನಿಂತು ಈಜು ಕಲಿತವಳ ಪಾಡು ಅದು. ಇನ್ನೊಂದು ಕಡೆಗೆ ತಿರುಗಿಸಿದಳು. ಟೂಲು ಕಬ್ಬಿಣಕ್ಕೆ ತಾಗಿ ಕಿರುಚಿತು. ಬಿಸಿ ಚೂರೊಂದು ಹಾರಿ ಕೆನ್ನೆಗೆ ಅಂಟಿತು. ಅವಳು ಕೈ ಬಿಡಲಿಲ್ಲ. ಹಿಡಿಕೆಯ ಮೂಲಕ ಕಬ್ಬಿಣದ ನಡುಕ ತೋಳಿಗೆ, ಹೆಗಲಿಗೆ, ಹಲ್ಲಿಗೆ ಏರಿತು. ಮೂರು ವರ್ಷ ತನ್ನಿಂದ ದೂರವಿಟ್ಟಿದ್ದು ಇದನ್ನೇ ಎಂದು ಗೊತ್ತಾಗಿ ಅಳು ಬಂತು. ಅತ್ತರೆ ಕಾಣುವುದಿಲ್ಲವಲ್ಲ ಎಂದು ಅದನ್ನೂ ನುಂಗಿಕೊಂಡಳು.

ಸರಳಿನ ತುದಿ ಸಪಾಟಾಯಿತು. ಆದರೆ ನಟ್ಟನಡುವೆ ಅಕ್ಕಿಕಾಳಿನಷ್ಟು ಒಂದು ಮೊಳಕೆ ಉಳಿದುಬಿಟ್ಟಿತು. ಮತ್ತೆ ಕಡೆದಳು. ಮತ್ತೆ ಉಳಿಯಿತು. ಏಕೆಂದು ಅವಳಿಗೆ ತಿಳಿಯಲಿಲ್ಲ. ಹುಡುಗರಿಗೆ ತಿಳಿದಿತ್ತು, ನಗುತ್ತಿದ್ದರು. ಹತ್ತು ನಿಮಿಷದ ಹೊತ್ತಿಗೆ ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ನಿನ್ನ ಧೈರ್ಯ ಮೆಚ್ಚಿದೆ ಮಗೂ, ಇದನ್ನೆಲ್ಲ ವರದಿಯಲ್ಲಿ ಬರೆಯುತ್ತೇನೆ ಎಂದು ಹೇಳಿ ಹೋದರು. ಬರೆದಿರಬಹುದು. ಬರೆಯುವವರು ಬರೆಯುತ್ತಾರೆ, ನಿಲ್ಲುವವರು ನಿಲ್ಲಬೇಕಾಗುತ್ತದೆ.

ಪರೀಕ್ಷಕರು ಮಾತ್ರ ಉಳಿದರು. ಅವಳು ಸರಳಿನ ಮೈಯನ್ನೂ ಕಡೆದು ಜಾಬು ಮುಗಿಸಿದ ಮೇಲೆ ಅಳೆದರು. ಎರಡು ಮಿಲಿಮೀಟರು ಕಮ್ಮಿ. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಅವರು ಸುತ್ತ ನೋಡಿ ದನಿ ತಗ್ಗಿಸಿ, ಇದಕ್ಕೆ ಒಂಬತ್ತರ ಮೇಲೆ ಕೊಡಲಾಗುವುದಿಲ್ಲ, ನೀನು ಫೇಲು, ಬೆಳಿಗ್ಗೆ ಹಾಕಿದ್ದೇ ಇರಲಿ ಬಿಡು, ನಾನೇನೂ ಕೇಳಿಸಿಕೊಂಡಿಲ್ಲ ಎಂದರು. ಒಂದು ಮಾತು. ಹೂಂ ಎಂದರೆ ಪಾಸು, ಕಾರ್ಖಾನೆ, ಅಮ್ಮನ ನಗು. ಆಮೇಲೆ ಮೂರನೇ ದಿನ ಪೊರಕೆ.

ಗುಜರಿ ಟೇಬಲ್ಲಿನ ಮೇಲಿದ್ದ ಹೊಳೆಯುವ ಜಾಬನ್ನು ಎತ್ತಿಕೊಂಡು ಮೂಲೆಯ ಸಾಣೆಕಲ್ಲಿನ ಹತ್ತಿರ ಹೋದಳು. ಸ್ವಿಚ್ಚು ಹಾಕಿ ನಂಬರಿದ್ದ ತುದಿಯನ್ನು ಅದಕ್ಕೆ ಒತ್ತಿ ಹಿಡಿದಳು. ಕಿಡಿ ಚಿಮ್ಮಿತು. ನಲವತ್ತೊಂದು ಸವೆದು ಹೋಯಿತು. ಹುಡುಗರ ನಗು ನಿಂತಿತು. ಆಮೇಲೆ ಅಚ್ಚುಗಳನ್ನು ತೆಗೆದುಕೊಂಡು ತನ್ನ ಸೊಟ್ಟ ಜಾಬಿನ ಮೇಲೆ ಸುತ್ತಿಗೆಯಿಂದ ಎರಡು ಏಟು ಹೊಡೆದಳು. ಒಂದು ಅಂಕಿ ವಾಲಿತು.

"ಇದಕ್ಕೆ ಹಾಕಿ ಸಾರ್."

ಪರೀಕ್ಷಕರು ಒಂಬತ್ತು ಎಂದು ಬರೆದು ಸಹಿ ಮಾಡಿದರು. ಹೋಗುವಾಗ ಅವಳ ಮುಖ ನೋಡಲಿಲ್ಲ.

ಸಮಿತಿಯನ್ನು ಕಾರು ಹತ್ತಿಸಿ ಬಂದ ಪ್ರಿನ್ಸಿಪಾಲರು ಕೆಂಡ ಕಾರುತ್ತಿದ್ದರು. ಉಂಡ ಮನೆಗೆ ಎರಡು ಬಗೆದೆ ಎಂದರು. ಮೇಷ್ಟ್ರ ಮೇಲೆ ವಿಚಾರಣೆ ಇಡುತ್ತೇನೆ ಎಂದರು. ಆರು ತಿಂಗಳಿಗೆ ಮರುಪರೀಕ್ಷೆಯ ದಿನ ಬಾ, ಅಲ್ಲಿಯ ತನಕ ಇಲ್ಲಿ ಕಾಲಿಡಬೇಡ ಎಂದರು.

"ಆರು ತಿಂಗಳೂ ನನಗೆ ಮಷೀನು ಬೇಕು ಸಾರ್."

"ಫೇಲಾದವರಿಗೆ ಮಷೀನು ಕೊಡೋ ನಿಯಮ ಇಲ್ಲ."

"ನಾನು ಗುಡಿಸಬೇಕು ಅಂತ ಯಾವ ನಿಯಮದಲ್ಲಿತ್ತು?"

ಪ್ರಿನ್ಸಿಪಾಲರು ಮೇನ್ ಸ್ವಿಚ್ ಆರಿಸಿ ಬೀಗ ಹಾಕಿ ಎಂದು ಮೇಷ್ಟ್ರಿಗೆ ಹೇಳಿ ಹೊರಟುಹೋದರು. ಹುಡುಗರೂ ಒಬ್ಬೊಬ್ಬರಾಗಿ ಜಾರಿಕೊಂಡರು.

ಮೇಷ್ಟ್ರು ಗೋಡೆಯ ಹತ್ತಿರ ಹೋಗಿ ಮೇನ್ ಸ್ವಿಚ್ಚಿನ ಹಿಡಿಯ ಮೇಲೆ ಕೈಯಿಟ್ಟರು. ಗುಜರಿ ಲೇತಿನ ಮುಂದಿನಿಂದ ಕದಲಲಿಲ್ಲ.

"ನನ್ನ ಅನ್ನಕ್ಕೆ ಕಲ್ಲು ಹಾಕಿದೆ," ಎಂದರು ಅವರು.

"ಅಕ್ಕ ಪಂಪಿನ ಕಾರ್ಖಾನೇಲಿ ಕಸ ಗುಡಿಸ್ತಾಳೆ ಮೇಷ್ಟ್ರೇ. ಸರಳಿನ ತುದಿ ಸಪಾಟು ಮಾಡೋಕೆ ಬರಲಿಲ್ಲ ಅಂತ. ಅವಳ ಅನ್ನಕ್ಕೆ ಯಾರು ಹಾಕಿದ್ದು?"

ಮೇಷ್ಟ್ರಿಗೆ ಅದು ಗೊತ್ತಿರಲಿಲ್ಲ. ಫಸ್ಟ್ ಕ್ಲಾಸಿನ ಹುಡುಗಿ, ಎಲ್ಲೋ ಚೆನ್ನಾಗಿದ್ದಾಳೆ ಎಂದುಕೊಂಡಿದ್ದರು. ಅವಳು ಅವರಿಗೆ ಬೆನ್ನು ಹಾಕಿ ಪೆಟ್ಟಿಗೆಯಿಂದ ಇನ್ನೊಂದು ಸರಳು ತೆಗೆದಳು. ಯಾವ ಗಳಿಗೆಯಲ್ಲಿ ಕರೆಂಟು ಹೋಗುತ್ತದೋ ಎಂದು ಬೆನ್ನೆಲ್ಲ ಕಿವಿಯಾಗಿತ್ತು. ಬಿಗಿದಳು, ಗುಂಡಿ ಒತ್ತಿದಳು. ಮಷೀನು ತಿರುಗಿತು. ಈ ಸಲ ಹಿಡಿಕೆ ಉಲ್ಟಾ ಹೋಗಲಿಲ್ಲ. ತುದಿ ಸಪಾಟಾಯಿತು. ನಟ್ಟನಡುವೆ ಮತ್ತೆ ಅದೇ ಮೊಳಕೆ.

ಮೇಷ್ಟ್ರು ಯಾವಾಗ ಸ್ವಿಚ್ಚು ಬಿಟ್ಟು ಹತ್ತಿರ ಬಂದರೋ ಅವಳಿಗೆ ತಿಳಿಯಲಿಲ್ಲ. ಅಭ್ಯಾಸಬಲ, ಅವರ ಕೈ ಟೂಲಿನ ಕಡೆ ಚಾಚಿತು.

"ಕೈ ತೆಗೀರಿ," ಎಂದಳು ಅವಳು.

ಕೈ ಗಾಳಿಯಲ್ಲೇ ನಿಂತಿತು. ಮೇಷ್ಟ್ರ ಮುಖ ಕೆಂಪಾಯಿತು. ಹೊಡೆಯುತ್ತಾರೇನೋ ಎನಿಸಿತು. ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಸಿಟ್ಟಿನಲ್ಲೇ, ಹಲ್ಲು ಕಚ್ಚಿಕೊಂಡೇ ಹೇಳಿದರು:

"ಟೂಲು ಮಧ್ಯಕ್ಕಿಂತ ಕೆಳಗೆ ಕೂತಿದೆ. ಅದಕ್ಕೇ ಆ ಮೊಳಕೆ ಉಳಿಯೋದು. ಟೂಲಿನ ಅಡಿಗೆ ಒಂದು ತಗಡು ಇಡು."

ಮೂರು ವರ್ಷದಲ್ಲಿ ಅವರು ಅವಳಿಗೆ ಹೇಳಿಕೊಟ್ಟ ಮೊದಲ ಪಾಠ ಅದು.

"ಎಷ್ಟು ದಪ್ಪದ್ದು?" ಎಂದು ಕೇಳಿದಳು.

"ಹಾಕಿ ನೋಡು. ತಪ್ಪಿದರೆ ತೆಗೆದು ಇನ್ನೊಂದು ಹಾಕು."